ಪುಕ್ಕಟೆ ಪೈಪ್ ಆರ್ಗನ್ ತರುವ ಮುಂಚೆ ಅದರ ತಿದಿ ನೋಡಿ

ಇಂಗ್ಲೆಂಡಿನಲ್ಲಿ ಹಳೇ ಚಾಪೆಲ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಒಳಗಿರುವ ಪೈಪ್ ಆರ್ಗನ್, ಅಂದರೆ ಕೀ ಒತ್ತಿದರೆ ಪೈಪುಗಳಿಗೆ ಗಾಳಿ ನುಗ್ಗಿ ಊದುವ ದೊಡ್ಡ ವಾದ್ಯ, ಯಾರಿಗಾದರೂ ಬೇಕಾದರೆ ಪುಕ್ಕಟೆ, ಬಿಚ್ಚಿಕೊಂಡು ಹೋಗಬೇಕು ಅಷ್ಟೇ. ಇಂಥವನ್ನು ರಿಪೇರಿ ಮಾಡಿ ಬೇರೆ ಚರ್ಚಿನಲ್ಲಿ ಕೂರಿಸುವುದು ಯಾರ್ಕ್‌ಶೈರ್‌ನಲ್ಲಿ ನನ್ನ ಕೆಲಸ. ಊರು ಕಾರ್ಕಳದ ಹತ್ತಿರ, ಮನೆತನದ ಕಸುಬು ಮರಗೆಲಸ.

ಚರ್ಚಿನ ಕಮಿಟಿಯವರು ಆರ್ಗನ್ ನೋಡಲು ಬಂದರೆ ಎಲ್ಲರ ಕಣ್ಣೂ ಮುಂದಿನ ಸಾಲಿನ ಬಣ್ಣ ಹಚ್ಚಿದ ಪೈಪುಗಳ ಮೇಲೆ. ಅದರಲ್ಲಿ ಎಷ್ಟೋ ಸಲ ಕೆಲವು ಊದುವುದೇ ಇಲ್ಲ, ಬರೀ ಶೋಕಿಗೆ ನಿಲ್ಲಿಸಿರುತ್ತಾರೆ. ನಿಮ್ಮ ದುಡ್ಡು ನುಂಗುವುದು ಪೈಪಲ್ಲ. ಗಾಳಿ ತುಂಬಿಡುವ ತಿದಿ, ಗಾಳಿ ಹಂಚುವ ಪೆಟ್ಟಿಗೆ, ಇವೆರಡರ ಚರ್ಮ ಮತ್ತು ಮರ.

ಬ್ಲೋಯರ್ (ತಿದಿಗೆ ಗಾಳಿ ತುಂಬುವ ಮೋಟಾರು ಫ್ಯಾನ್) ಹಾಕಿ, ಯಾವ ಕೀಯನ್ನೂ ಮುಟ್ಟದೆ ಸುಮ್ನೆ ನಿಂತು ಕೇಳಿ. ಬುಸ್ ಅನ್ನುವ ಸದ್ದು ಎಲ್ಲಿಂದ ಬರುತ್ತಿದೆ? ಆಮೇಲೆ ಒಂದೊಂದೇ ಸ್ಟಾಪ್ (ಒಂದು ಸಾಲು ಪೈಪುಗಳನ್ನು ಚಾಲೂ ಮಾಡುವ ಗುಂಡಿ; ಆ ಸಾಲಿಗೂ ಅದೇ ಹೆಸರು) ಎಳೆದು ಪ್ರತಿ ಕೀಯನ್ನೂ ಒತ್ತಿ. ಪಕ್ಕದ ಸ್ವರವೂ ಸಣ್ಣಗೆ ಕೊರಗಿದರೆ ಪೆಟ್ಟಿಗೆಯ ಹಲಗೆ ಬಿರುಕು ಬಿಟ್ಟು ಗಾಳಿ ಅಕ್ಕಪಕ್ಕ ಸೋರುತ್ತಿರಬಹುದು. ಅದು ದೊಡ್ಡ ಖರ್ಚು. ಕೈ ತೆಗೆದ ಮೇಲೂ ಸ್ವರ ಕೂಗುತ್ತಲೇ ಇದ್ದರೆ ಅದನ್ನು ಸೈಫರ್ ಅಂತಾರೆ. ಅದಕ್ಕೆ ಗಾಬರಿ ಬೇಡ. ಎಷ್ಟೋ ಸಲ ಪೈಪಿಗೆ ಗಾಳಿ ಬಿಡುವ, ತಡೆಯುವ ಗೇಣುದ್ದದ ಮರದ ಕವಾಟದ ಕೆಳಗೆ ಗಾರೆಯ ಒಂದು ಚೂರು ಕೂತಿರುತ್ತದೆ, ತೆಗೆದರೆ ಮುಗೀತು.

ಟೇಪ್ ಹಿಡಿದು ಹೊಸ ಜಾಗದ ಎತ್ತರವನ್ನೂ ಅಳೆಯಿರಿ. 8 ಅಡಿ ಸ್ಟಾಪ್ ಅಂದರೆ, ಮೇಲ್ತುದಿ ತೆರೆದ ಪೈಪಾದರೆ, ಅದರ ಅತಿ ಕೆಳಗಿನ ಸ್ವರದ ಪೈಪಿನಲ್ಲಿ ಬಾಯಿಂದ (ಸದ್ದು ಹುಟ್ಟುವ ಸೀಳಿನಿಂದ) ಮೇಲಕ್ಕೇ ಸುಮಾರು 8 ಅಡಿ. ಬಾಯಿಯ ಕೆಳಗಿನ ಕಾಲಿನ ಅಳತೆ ಬೇರೆ. ಚರ್ಚ್ ಆಫ್ ಇಂಗ್ಲೆಂಡಿನ ಚರ್ಚಾದರೆ 'ಫ್ಯಾಕಲ್ಟಿ' ಅನ್ನುವ ಅನುಮತಿ ಕೈಗೆ ಬರುವ ತನಕ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ.

ಬಿಚ್ಚುವಾಗ ಮೊದಲು ಫೋಟೋ, ಆಮೇಲೆ ಚೀಟಿ, ಆಮೇಲೆ ಸ್ಕ್ರೂಡ್ರೈವರ್. ಲೋಹದ ಪೈಪುಗಳಲ್ಲಿ ಸೀಸ ಮತ್ತು ತವರ ಇರುತ್ತದೆ, ತುಂಬಾ ಮೆದು. ಮೇಲಿನ ತುದಿಯಲ್ಲಿ ಹಿಡಿದೆತ್ತಿದರೆ ನೆಗ್ಗುತ್ತದೆ, ನೆಗ್ಗಿದರೆ ಶ್ರುತಿ ಹೋಯಿತು. ಕಾಗದ ಸುತ್ತಿ ಟ್ರೇಗಳಲ್ಲಿ ಮಲಗಿಸಿ. ಗ್ಲೌಸು, ಮಾಸ್ಕು ಬೇಕೇ ಬೇಕು. ಟೀ ಕುಡಿಯುವ ಮುಂಚೆ ಕೈ ತೊಳೆಯಿರಿ. ಸೀಸದ ಧೂಳು ತಮಾಷೆಯಲ್ಲ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ 2019ರ ಬೆಂಕಿಗೆ ದೊಡ್ಡ ಆರ್ಗನ್ ಸುಡಲಿಲ್ಲ. ಆದರೂ ಚಾವಣಿಯ ಸೀಸದ ಧೂಳು ಕೂತಿದ್ದಕ್ಕೆ ಸುಮಾರು 8,000 ಪೈಪು ಇಳಿಸಿ ತೊಳೆಯಬೇಕಾಯಿತು.

ಇನ್ನು ತಿದಿ. ಹಾರ್ಮೋನಿಯಂ ತಿದಿಯನ್ನೇ ಮಂಚದಷ್ಟು ದೊಡ್ಡದಾಗಿ ನೆನೆಸಿಕೊಳ್ಳಿ. ಮಡಿಕೆಗಳಿಗೆ ಅಂಟಿಸಿದ ಕುರಿಚರ್ಮವನ್ನು ಉಗುರಿನಿಂದ ಕೆರೆದು ನೋಡಿ. ಕೆಂಪು ಪುಡಿ ಉದುರಿದರೆ ಪೂರ್ತಿ ಬದಲಾಯಿಸಬೇಕು, ತೇಪೆ ಹಾಕಿದರೆ ನಿಲ್ಲದು. ಹಳೇ ಚರ್ಮವನ್ನು ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿದರೆ ಸರೇಸು (ಪ್ರಾಣಿಗಳ ಚರ್ಮ, ಮೂಳೆಯ ಅಂಟು) ಬಿಟ್ಟುಕೊಡುತ್ತದೆ. ಹೊಸ ಚರ್ಮದ ಅಂಚನ್ನು ಚೂಪು ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಸವರಿ. ಇಲ್ಲದಿದ್ದರೆ ಅಂಚು ದಪ್ಪಗಾಗಿ ಮಡಿಕೆ ಸರಿಯಾಗಿ ಕೂರಲ್ಲ. ಸರೇಸನ್ನು ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 60 ಡಿಗ್ರಿಯ ಆಸುಪಾಸು ಕಾಯಿಸಿ. ಕುದಿಸಿದರೆ ಅದರ ಬಲ ಹೋಗುತ್ತದೆ. ಫೆವಿಕಾಲ್ ಥರದ ಬಿಳಿ ಅಂಟು ಬೇಡವೇ ಬೇಡ. ಮುಂದೆ ಇದನ್ನು ಬಿಚ್ಚುವವನು ಮರವನ್ನೇ ಕೆತ್ತಬೇಕಾಗುತ್ತದೆ, ನಿಮಗೆ ಶಾಪ ಹಾಕುತ್ತಾನೆ.

ಕವಾಟಗಳ ಚರ್ಮಕ್ಕೂ ಇದೇ ಪರೀಕ್ಷೆ. ಮರದಲ್ಲಿ ಸಣ್ಣ ತೂತು, ಕೆಳಗೆ ಹೊಸ ಹಿಟ್ಟು ಕಂಡರೆ ಕುಟ್ಟೆ ಹುಳ ಇನ್ನೂ ಬದುಕಿದೆ ಅಂತ ಅರ್ಥ. ಅದಕ್ಕೆ ಮದ್ದು ಮಾಡದೆ ಹೊಸ ಚರ್ಚಿನೊಳಗೆ ತರಬೇಡಿ.

ನಮ್ಮ ಕಡೆಗೆ ತರುವ ಯೋಚನೆ ಇದ್ದವರಿಗೆ ಒಂದು ಮಾತು. ಚೆನ್ನೈ ಎಗ್ಮೋರ್‌ನ ಸೇಂಟ್ ಆಂಡ್ರ್ಯೂಸ್ ಚರ್ಚಿನ ಆರ್ಗನ್ ಇಲ್ಲಿನ ಹಡರ್ಸ್‌ಫೀಲ್ಡ್‌ನ ಕೊನಾಕರ್ ಕಂಪನಿಯದು. ಬಿಸಿ ದೇಶಗಳಿಗೆ ಕಳಿಸುವಾಗ ಹಳೇ ಕಾಲದ ಆರ್ಗನ್ ತಯಾರಕರು ಅಂಟನ್ನೇ ನಂಬದೆ ಸ್ಕ್ರೂ ಕೂಡ ಹಾಕುತ್ತಿದ್ದರು. ಇಂಗ್ಲೆಂಡಿನ ಚಳಿಗೆ ಮಾಡಿದ್ದನ್ನು ಹಾಗೇ ತಂದು ಮಂಗಳೂರಿನ ಮಳೆಗಾಲಕ್ಕೆ ಒಡ್ಡಿದರೆ ಮರ ಉಬ್ಬಿ, ಕೀಗಳು ಹಿಡಿದುಕೊಳ್ಳುತ್ತವೆ.

ಕೂರಿಸುವ ಜಾಗದಲ್ಲಿ ರಸಮಟ್ಟ ಇಟ್ಟು ನೆಲ ನೋಡಿ, ಅದು ತೂಕ ತಡೆಯುತ್ತದಾ ಅಂತ ಎಂಜಿನಿಯರನ್ನೂ ಕೇಳಿ. ಹೀಟರ್ ಪಕ್ಕ, ನೇರ ಬಿಸಿಲು ಎರಡೂ ಬೇಡ. ಬಟ್ಟೆ ಸುತ್ತಿದ ಹಳೇ ವೈರಿಂಗ್ ಎಲ್ಲಾ ಕಿತ್ತುಹಾಕಿ. ಗಾಳಿಯ ಒತ್ತಡ ಅಳೆಯಲು ಯು ಆಕಾರದ ಪಾರದರ್ಶಕ ಕೊಳವೆ, ಸ್ವಲ್ಪ ನೀರು ಸಾಕು. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಸಾಮಾನ್ಯವಾಗಿ 3 ಇಂಚಿನ ಆಸುಪಾಸು ಇರುತ್ತದೆ. ಬಿಚ್ಚುವ ಮುಂಚೆ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲಿಸಿ. ಸದ್ದು ಜಾಸ್ತಿ ಬರಲಿ ಅಂತ ತಿದಿಯ ಮೇಲೆ ಭಾರ ಹೇರುವವರಿದ್ದಾರೆ. ಆಗ ಪೈಪು ಕಿರುಚುತ್ತದೆ, ಶ್ರುತಿ ಏರುತ್ತದೆ.

ಶ್ರುತಿ ಮಾಡುವುದು ಕಟ್ಟಕಡೆಗೆ. ಪೂಜೆಯ ಹೊತ್ತಿಗೆ ಚರ್ಚು ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬಿಸಿಯಲ್ಲಿ ಮಾಡಿ. ಒಂದು ಡಿಗ್ರಿ ಏರಿದರೆ ಸಾಧಾರಣ ಪೈಪುಗಳ ಶ್ರುತಿ ಸುಮಾರು 3 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಏರುತ್ತದೆ, ಹಿತ್ತಾಳೆಯ ನಾಲಿಗೆ ಅದುರಿ ಸದ್ದು ಮಾಡುವ ರೀಡ್ ಪೈಪುಗಳು ಮಾತ್ರ ಅಷ್ಟಾಗಿ ಕದಲುವುದಿಲ್ಲ. ಸ್ವರ ಕೂಡದಿದ್ದಾಗ ಜನ ರೀಡ್ ಪೈಪನ್ನೇ ಬೈಯುತ್ತಾರೆ, ಪಾಪ. ಆರ್ಗನ್ ಒಳಗೆ ಒಂದು ಥರ್ಮಾಮೀಟರು, ಪಕ್ಕದಲ್ಲಿ ಒಂದು ನೋಟ್‌ಬುಕ್ಕು ನೇತುಹಾಕಿ. ಶ್ರುತಿ ಮಾಡಿದ ದಿನದ ಬಿಸಿ ಎಷ್ಟಿತ್ತು ಅಂತ ಬರೆದಿಟ್ಟರೆ ಮುಂದಿನ ಸಲ ಬರುವವರಿಗೆ ಅರ್ಧ ಕೆಲಸ ಉಳಿಯುತ್ತದೆ.