ಎರಡನೇ ಬಸಿರು, ಎರಡೂವರೆ ವರ್ಷದ ಹುಡುಗ, ಸುಸ್ತಿನ ಲೆಕ್ಕ

"ಬಸುರಿ ಅಂದ್ಮೇಲೆ ಸುಸ್ತು ಇದ್ದದ್ದೇ" ಅಂತ ಅತ್ತೆಯಿಂದ ಹಿಡಿದು ಪಕ್ಕದ ಮನೆ ಆಂಟಿವರೆಗೆ ಎಲ್ಲರದೂ ಒಂದೇ ಮಾತು. ಮಾತ್ರೆ ನುಂಗುವ ಹೊತ್ತು ಬದಲಿಸ್ತೀನಿ, ಹುಡುಗನ್ನ ಮಲಗಿಕೊಂಡೇ ಆಡಿಸ್ತೀನಿ ಅಂದಾಗ ನಕ್ಕವರೇ ಹೆಚ್ಚು. 9.4 ಇದ್ದ ಹಿಮೋಗ್ಲೋಬಿನ್ ಎಂಟೊಂಬತ್ತು ವಾರದಲ್ಲಿ 11.2ಕ್ಕೆ ಬಂತು, ನಗೋದೂ ನಿಂತಿತು. ತಾಯಿ ಕಾರ್ಡು (ಬಸುರಿಯರಿಗೆ ಸರ್ಕಾರ ಕೊಡುವ ತಪಾಸಣೆ ಕಾರ್ಡು), ಕೆಂಪು ಮಾತ್ರೆ (ಕಬ್ಬಿಣದ್ದು), ಕ್ಯಾಲ್ಸಿಯಂ ಇವೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳಲ್ಲ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಅನ್ನೋದನ್ನು ಮಾತ್ರ ಬರೀತೀನಿ. ಅಂಕಿಗಳು ನೆನಪಿನಿಂದ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು.

ಮೊದಲು ಕಳೆದ ದುಡ್ಡು. ದಾಳಿಂಬೆ ರಸ ರಕ್ತ ಕೊಡುತ್ತೆ ಅಂತ ದಿನಾ ಎರಡು ಹಣ್ಣು, ತಿಂಗಳಿಗೆ 1,500ರ ಹತ್ತಿರ. ಬೀಟ್‌ರೂಟ್ ಬೇರೆ. ಎರಡರಲ್ಲೂ ಕಬ್ಬಿಣದ ಅಂಶ ಅಷ್ಟಕ್ಕಷ್ಟೇ, ಕೆಂಪು ಬಣ್ಣ ನೋಡಿ ನಾವು ನಂಬಿದ್ದು. ಬಸುರಿಯರಿಗೆಂದೇ ಮಾರುವ ಪುಡಿಯ ಡಬ್ಬಿ 650, ಸಕ್ಕರೆಯೇ ಜಾಸ್ತಿ, ಅರ್ಧ ಡಬ್ಬಿ ಹುಡುಗನೇ ನೆಕ್ಕಿ ಮುಗಿಸಿದ. ಬೆಳಿಗ್ಗೆ ಪಾತ್ರೆ, ನೆಲ ಒರೆಸಲು ಕೆಲಸದವರಿಗೆ 2,500. ಈ ಕೊನೆಯದು ದುಡ್ಡು ಹಾಳಲ್ಲ, ಹೊತ್ತು ತಪ್ಪು. ಅದನ್ನು ಆಮೇಲೆ ಹೇಳ್ತೀನಿ.

ರಕ್ತ 11ಕ್ಕಿಂತ ಕಡಿಮೆ ಇದ್ದರೆ ಬಸುರಿಯರಿಗೆ ರಕ್ತಹೀನತೆ ಅಂತಲೇ ಲೆಕ್ಕ. 9.4 ನೋಡಿ ಡಾಕ್ಟರ್ ದಿನಕ್ಕೆ ಎರಡು ಮಾತ್ರೆ ಮಾಡಿದರು. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಒಂದು ತಿಂಗಳು ತಪ್ಪದೆ ನುಂಗಿ ಮತ್ತೆ ನೋಡಿದರೆ 9.6. ತಿಂಗಳಿಗೆ ಒಂದು ಪಾಯಿಂಟಾದರೂ ಏರಬೇಕಿತ್ತು. ಇಂಜೆಕ್ಷನ್ ಹಾಕಿಸೋಣವಾ ಅಂತ ಮಾತು ಬಂತು. ತಪ್ಪು ಮಾತ್ರೆಯದಲ್ಲ, ನನ್ನದು: ಬೆಳಿಗ್ಗೆದು ಕಾಫಿಯ ಬೆನ್ನಿಗೇ, ರಾತ್ರಿದು ಕ್ಯಾಲ್ಸಿಯಂ ಜೊತೆಗೆ, ಮೇಲೆ ಒಂದು ಲೋಟ ಹಾಲು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಎಲ್ಲವೂ ಕಬ್ಬಿಣವನ್ನು ಮೈಗೆ ಹತ್ತಗೊಡಲ್ಲ. ರಾಗಿ ಗಂಜಿ ಜೊತೆ ನುಂಗಿದರೂ ಅದೇ ಕಥೆ. ರಾಗಿ ಕ್ಯಾಲ್ಸಿಯಂಗೆ ಒಳ್ಳೆಯದು, ಮಾತ್ರೆಗೆ ಜೊತೆಗಾರನಲ್ಲ.

ಡಾಕ್ಟರ್‌ಗೆ ಹೇಳಿ ಇನ್ನೊಂದು ತಿಂಗಳು ಅವಕಾಶ ತಗೊಂಡು ಹೊತ್ತು ಬದಲಿಸಿದೆ. ಆರೂವರೆಗೆ ಕಾಫಿ, ಎಂಟೂವರೆಗೆ ತಿಂಡಿ. ಹನ್ನೊಂದಕ್ಕೆ ಮೊದಲ ಕೆಂಪು ಮಾತ್ರೆ, ಜೊತೆಗೆ ಅರ್ಧ ಪೇರಲಹಣ್ಣು ಅಥವಾ ನಿಂಬೆ ನೀರು. ಒಂದು ಗಂಟೆಗೆ ಊಟ, ಊಟದ ಜೊತೆ ಕ್ಯಾಲ್ಸಿಯಂ. ಮೂರೂಮುಕ್ಕಾಲಿಗೆ ಅರ್ಧ ಲೋಟ ಕಾಫಿ, ದಿನದ ಎರಡನೆಯದು ಮತ್ತು ಕೊನೆಯದು. ಏಳಕ್ಕೆ ರಾತ್ರಿ ಊಟ, ಎರಡನೇ ಕ್ಯಾಲ್ಸಿಯಂ. ಒಂಬತ್ತೂವರೆಗೆ ಎರಡನೇ ಕೆಂಪು ಮಾತ್ರೆ, ಮತ್ತೆ ನಿಂಬೆ ನೀರು. ಕಷ್ಟ ಇರೋದು ಹನ್ನೊಂದರದ್ದೇ, ಯಾರಾದರೂ ಬಂದು ಟೀಗೆ ಕೂರಿಸೋದು ಆ ಹೊತ್ತಿಗೇ. ಬೇಡ ಅಂದುಬಿಡಿ. ಹೊಟ್ಟೆ ತೊಳಸಿದರೆ ಮಾತ್ರೆಗೆ ಹತ್ತು ನಿಮಿಷ ಮೊದಲು ಒಂದು ಒಣ ರಸ್ಕ್ ತಿಂದರೆ ತಡೆಯುತ್ತೆ. ಮಲ ಕಪ್ಪಗಾಗೋದು ಸಹಜ. ಮಲಬದ್ಧತೆಗೆ ರಾತ್ರಿ ನೆನೆಸಿದ ಹದಿನೈದಿಪ್ಪತ್ತು ಒಣದ್ರಾಕ್ಷಿ, ನೀರಿನ ಸಮೇತ. ಅಂಗಡಿಯಲ್ಲಿ ಸಿಗುವ 180 ರೂಪಾಯಿಯ ಪಟ್ಟಿಗೂ ಆಶಾ ಕಾರ್ಯಕರ್ತೆ ಕೊಡುವ ಪುಕ್ಕಟೆ ಮಾತ್ರೆಗೂ ನನ್ನ ರಕ್ತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯದು ನುಂಗಿದಾಗ ಹೊಟ್ಟೆ ಸ್ವಲ್ಪ ಹಗುರ ಇತ್ತು, ಅಷ್ಟೇ.

ಒಂದು ಸೂಚನೆ ನನಗೂ ತಡವಾಗಿ ಹೊಳೆಯಿತು. ಹಸಿ ಅಕ್ಕಿ ತಿನ್ನುವ ಆಸೆಯನ್ನು ಮನೆಯಲ್ಲಿ ಬಯಕೆ ಅಂದುಕೊಂಡರು, ಸಂಭ್ರಮಪಟ್ಟರು ಕೂಡ. ಅಕ್ಕಿ, ಮಣ್ಣು, ಬಳಪ, ಐಸ್ ಇವಕ್ಕೆ ನಾಲಿಗೆ ಎಳೆದರೆ ಮೊದಲು ರಕ್ತ ನೋಡಿಸಿ. ಮಾತ್ರೆಯ ಹೊತ್ತು ಸರಿಯಾದ ಮೂರನೇ ವಾರಕ್ಕೆ ಆ ಆಸೆ ತಾನಾಗಿ ಹೋಯಿತು. ಕೂತಲ್ಲೇ ಏದುಸಿರು, ಎದೆ ಡವಡವ, ಕಣ್ಣು ಕತ್ತಲೆ, ಬಿಡದ ತಲೆನೋವು, ಮುಖ ಕೈ ಬಾವು ಇದ್ದರೆ ಈ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್, ಬಿ12 ಒಂದು ಸಲ ನೋಡಿಸಿಬಿಡಿ. ನನಗೆ ಥೈರಾಯ್ಡ್ ಸರಿ ಇತ್ತು, ಬಿ12 ಕಡಿಮೆ ಇತ್ತು, ಅದಕ್ಕೆ ಬೇರೆ ಮಾತ್ರೆ ಕೊಟ್ಟರು. ಖಾಸಗಿ ಲ್ಯಾಬಿನಲ್ಲಿ ಎಲ್ಲ ಸೇರಿ 1,800 ಆಯಿತು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ. ಮೊದಲೇ ಅಲ್ಲಿಗೆ ಹೋಗಿದ್ದರೆ ಅರ್ಧ ದುಡ್ಡಾದರೂ ಉಳಿಯುತ್ತಿತ್ತು.

ಈಗ ಹುಡುಗನ ವಿಷಯ. ಹಗಲು ಎರಡು ಗಂಟೆ, ರಾತ್ರಿ ಎಂಟು ಗಂಟೆ ವಿಶ್ರಾಂತಿ ಅಂತ ತಾಯಿ ಕಾರ್ಡಿನಲ್ಲಿದೆ. ಎರಡೂವರೆ ವರ್ಷದವನು ಆ ಕಾರ್ಡು ಓದಿಲ್ಲ. ಮೊದಲು ಅವನು ಮಲಗಿದಾಗೆಲ್ಲ ನಾನೂ ಮಲಗಿದೆ. ಒಂದೂವರೆ ಗಂಟೆ ನಿದ್ದೆ ಮಾಡಿ ಎದ್ದರೆ ತಲೆ ಭಾರ, ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಅಲಾರಂ ಇಟ್ಟು ಇಪ್ಪತ್ತೈದು ನಿಮಿಷಕ್ಕೆ ಎದ್ದೆ, ಆಮೇಲೆ ಮುಕ್ಕಾಲು ಗಂಟೆ ಸುಮ್ಮನೆ ಎಡಮಗ್ಗುಲಿಗೆ ಬಿದ್ದುಕೊಂಡೆ. ಇದೇ ಸರಿಹೋಯಿತು. ನಲವತ್ತು ನಿಮಿಷವೂ ಪ್ರಯೋಗ ಮಾಡಿದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೊಬೈಲ್ ಕೊಟ್ಟರೆ ಅರ್ಧ ಗಂಟೆ ಶಾಂತಿ, ಕಿತ್ತುಕೊಂಡರೆ ಮುಕ್ಕಾಲು ಗಂಟೆ ರಂಪ. ನಿವ್ವಳ ನಷ್ಟ.

ಅವನ ರಾತ್ರಿ ನಿದ್ದೆಯನ್ನು ಹತ್ತೂವರೆಯಿಂದ ಎಂಟೂವರೆಗೆ ತಂದದ್ದೇ ದೊಡ್ಡ ಗೆಲುವು. ಒಂದೇ ದಿನ ಎಂಟೂವರೆಗೆ ಮಲಗಿಸಲು ಹೋಗಿ ಮೂರು ದಿನ ಸೋತೆ. ಮೊದಲು ಬೆಳಿಗ್ಗೆ ಬೇಗ ಬೇಗ ಎಬ್ಬಿಸುತ್ತಾ ಬರಬೇಕು, ರಾತ್ರಿ ತಾನೇ ಹಿಂಬಾಲಿಸುತ್ತೆ. ದಿನಕ್ಕೆ ಹತ್ತು ಹದಿನೈದು ನಿಮಿಷ, ಮಧ್ಯಾಹ್ನ ಎರಡೂಮುಕ್ಕಾಲಿನ ಮೇಲೆ ನಿದ್ದೆ ಇಲ್ಲ. ಹತ್ತು ಹನ್ನೆರಡು ದಿನ ಹಿಡಿಯಿತು. ಏಳೂವರೆಯಿಂದ ಎಂಟರವರೆಗೆ ಅವನನ್ನು ಮಿಸುಕಾಡದೆ ಕೂರಿಸೋಕೆ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಅವರಪ್ಪನಿಗೆ ಗೊತ್ತಾದರೆ ಅವರೂ ಹಗಲೆಲ್ಲ ಬಳಸಿ ಅದರ ಶಕ್ತಿ ಕಳೆದುಬಿಡ್ತಾರೆ.

ಮಲಗಿಕೊಂಡು ಆಡಿಸೋದಕ್ಕೆ ಒಂದು ಕೋಣೆಯನ್ನು ಪೂರ್ತಿ ಗಟ್ಟಿ ಮಾಡಬೇಕು. ನೆಲದ ಮೇಲೆ ಅಂಬೆಗಾಲಿಟ್ಟು ಅವನ ಎತ್ತರದಿಂದ ನೋಡಿ. ಬೀರುವನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಿಸಿದೆ, ಪ್ಲಗ್‌ಗೆ ಮುಚ್ಚಳ, ಕಾಸು, ಗುಂಡಿ, ರಿಮೋಟಿನ ಸೆಲ್ ಎಲ್ಲ ಹೊರಗೆ. ನೀರಿನ ಬಕೆಟ್ ಅಂತೂ ಬೇಡವೇ ಬೇಡ, ನಾಲ್ಕು ಬೆರಳು ನೀರೂ ಅಪಾಯ. ನಾನು ಮರೆತದ್ದು ಒಳಗಿನ ಚಿಲಕ. ಒಂದು ದಿನ ಅವನು ಒಳಗೆ, ನಾನು ಹೊರಗೆ. ಕೆಳಗಿನ ಚಿಲಕ ಅವತ್ತೇ ಬಿಚ್ಚಿಸಿದೆ. ಒಟ್ಟು 900 ಖರ್ಚು, ಮೆಟ್ಟಿಲ ಗೇಟು ಬೇರೆ 1,800. ಇಷ್ಟಾದರೂ ನಿದ್ದೆ ಹೋಗುವಂತಿಲ್ಲ. ಮೈ ಚಾಚಬಹುದು, ಕಣ್ಣು ತೆರೆದಿರಬೇಕು.

ಆಟ ಅಂದರೆ ಹಳೆ ನೈಟಿಯ ಬೆನ್ನಿಗೆ ಸ್ಕೆಚ್ ಪೆನ್ನಲ್ಲಿ ರಸ್ತೆ, ಸರ್ಕಲ್, ಬಸ್‌ಸ್ಟ್ಯಾಂಡು ಬರೆದು ಹಾಕಿಕೊಳ್ಳೋದು. ನಾನು ಮಗ್ಗುಲಾಗಿ ಮಲಗಿದರೆ ಅವನು ಬೆನ್ನ ಮೇಲೆ ಕಾರು ಓಡಿಸ್ತಾನೆ. ಇಪ್ಪತ್ತು ನಿಮಿಷ ಗ್ಯಾರಂಟಿ, ಬೆನ್ನು ನೀವಿದ ಹಾಗೂ ಆಯಿತು. ಡಾಕ್ಟರ್ ಆಟದಲ್ಲಿ ಪೇಷೆಂಟು ಯಾವಾಗಲೂ ನಾನೇ. ಎತ್ತಿಕೊಳ್ಳೋದನ್ನು ನಿಲ್ಲಿಸೋಕೆ ಎರಡು ಪ್ಲಾಸ್ಟಿಕ್ ಸ್ಟೂಲ್ ತಂದೆ, ಒಂದು ವಾಶ್‌ಬೇಸಿನ್ ಹತ್ತಿರ, ಒಂದು ಮಂಚದ ಹತ್ತಿರ. "ಹತ್ತು, ನಾನು ಹಿಡ್ಕೋತೀನಿ" ಅಂದರೆ ಸಾಕು. ಸೊಂಟಕ್ಕೆ ಅದೇ ವಾರ ಗೊತ್ತಾಯಿತು.

ತಿಂಡಿಯದೂ ಒಂದು ಪ್ರಯೋಗ. ಬರೀ ಇಡ್ಲಿ, ಇಲ್ಲ ಉಪ್ಪಿಟ್ಟು ತಿಂದ ದಿನ ಹತ್ತೂವರೆಗೇ ಕೈಕಾಲು ಸೋಲುತ್ತಿತ್ತು. ಹೆಸರುಕಾಳಿನ ದೋಸೆ ಅಥವಾ ಎರಡು ಬೇಯಿಸಿದ ಮೊಟ್ಟೆ ತಿಂದ ದಿನ ಒಂದು ಗಂಟೆವರೆಗೆ ಎಳೆಯುತ್ತಿತ್ತು. ನಡುವೆ ದಾವಣಗೆರೆಯವರಿಗೆ ಮಂಡಕ್ಕಿ ಇದ್ದೇ ಇದೆ: ಶೇಂಗಾ, ಪುಟಾಣಿ ಬೆರೆಸಿದ್ದು ನನಗೆ, ಕಾಳು ಗಂಟಲಿಗೆ ಸಿಕ್ಕೀತು ಅಂತ ಅವನಿಗೆ ಮೆತ್ತಗೆ ನೆನೆಸಿ, ಹಿಂಡಿ, ಪುಟಾಣಿ ಪುಡಿ ಕಲಸಿದ್ದು. ಗುರೆಳ್ಳು ಚಟ್ನಿಪುಡಿಯ ಅಳತೆ ಮಾತ್ರ ನನ್ನದೇ, ಕೇಳಬೇಡಿ. ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ ಬಿಡಬೇಡಿ. ನಾಚಿಕೆಪಟ್ಟು ನಾನು ಐದನೇ ತಿಂಗಳವರೆಗೆ ಬಿಟ್ಟಿದ್ದೆ, ಒಂದು ಹೊತ್ತಿನ ಅಡುಗೆ ಸುಮ್ಮನೆ ಮೈಮೇಲೆ ಬಿತ್ತು.

ಕೆಲಸದವರ 2,500ರ ವಿಷಯಕ್ಕೆ ಬರ್ತೀನಿ. ಒಂದು ವಾರ ಪ್ರತಿ ಗಂಟೆಗೂ ಸುಸ್ತಿಗೆ ಹತ್ತರಲ್ಲಿ ಎಷ್ಟು ಅಂತ ಕ್ಯಾಲೆಂಡರ್ ಹಿಂದೆ ಬರೆದೆ. ಬೆಳಿಗ್ಗೆ ಎರಡು ಮೂರು, ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಎಂಟು ಒಂಬತ್ತು. ನಾನು ದುಡ್ಡು ಕೊಟ್ಟು ಕೊಂಡದ್ದು ಚೆನ್ನಾಗಿದ್ದ ಹೊತ್ತಿನ ನಲವತ್ತು ನಿಮಿಷ! ಕೆಲಸದವರನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಉಳಿದ 1,600ಕ್ಕೆ ಕೆಳಗಿನ ಮನೆಯ ಪಿಯುಸಿ ಹುಡುಗಿಗೆ ಹೇಳಿದೆ. ನಾಲ್ಕೂಮುಕ್ಕಾಲಿನಿಂದ ಆರೂಕಾಲರವರೆಗೆ ಅವನನ್ನು ಪಾರ್ಕಿಗೆ ಕರೆದೊಯ್ಯೋದು, ಬಂದು ಕೈಕಾಲು ತೊಳೆಸೋದು. ಅಷ್ಟೂ ಹೊತ್ತು ನಾನು ಮಲಗಿರ್ತಿದ್ದೆ. ಪಾತ್ರೆ ಸಿಂಕಿನಲ್ಲಿ ಇರ್ತಿತ್ತು. ಅತ್ತೆಗೆ ಇದು ಈಗಲೂ ಸರಿ ಕಾಣಲ್ಲ.

ಏಳನೇ ತಿಂಗಳಿಂದ ಸುಸ್ತು ಮತ್ತೆ ಬಂತು, ಈ ಸಲ ರಕ್ತದ್ದಲ್ಲ, ನಿದ್ದೆಯದು. ರಾತ್ರಿ ಐದು ಸಲ ಬಚ್ಚಲು. ನೀರನ್ನು ಸಂಜೆ ಏಳರ ಒಳಗೇ ಹೆಚ್ಚು ಕುಡಿದು ಮುಗಿಸಿ, ಆಮೇಲೆ ಮಾತ್ರೆಗೆ ಬೇಕಾದಷ್ಟೇ ಕುಡಿದರೆ ಮೂರಕ್ಕೆ ಇಳಿಯಿತು. ಬಸುರಿಯರ ದಿಂಬು 1,900 ಕೊಟ್ಟು ತರಿಸಿದೆ, ಹುಡುಗ ಅದನ್ನು ಹಾವು ಅಂತ ಎಳೆದುಕೊಂಡು ಹೋದ. ಅಮ್ಮನ ಹಳೆ ಕೌದಿಯನ್ನು ಬಿಗಿಯಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ ಮೊಣಕಾಲ ನಡುವೆ ಇಟ್ಟರೆ ಅದಕ್ಕಿಂತ ಚೆನ್ನಾಗಿ ನಿಲ್ಲುತ್ತೆ, ಜಾರಲ್ಲ.