ಚರ್ಮ ಇಲ್ಲದ ಡೋಲು ಕೆತ್ತಿದ್ದು

ಕಾಂಗೋ ದೇಶದ ಕ್ವಾಂಗೋ ಸೀಮೆಯಲ್ಲಿ ಯಾಕಾ ಅನ್ನುವ ಜನ ಇದ್ದಾರೆ. ಅವರಲ್ಲಿ ಕಣಿ ಹೇಳುವವರ ಡೋಲಿಗೆ ಚರ್ಮವೇ ಇಲ್ಲ. ಒಂದೇ ಮರದ ತುಂಡು, ಉದ್ದಕ್ಕೆ ಒಂದು ಸೀಳು, ಮೇಲೆ ಕೆತ್ತಿದ ಮನುಷ್ಯನ ತಲೆ. ಆ ತಲೆಯೇ ಹಿಡಿ. ಒಳಗಿನ ಪೊಳ್ಳಿನಲ್ಲಿ ಮದ್ದನ್ನೂ ಕಲಸುತ್ತಾರೆ. ಮ್ಯೂಸಿಯಂ ಫೋಟೊಗಳನ್ನು ನೋಡಿ ನಾನೂ ಒಂದು ಮಾಡಿದೆ. ಮದ್ದು, ಕಣಿ ಅವರದು. ನನಗೆ ಬೇಕಿದ್ದದ್ದು ನಾದ ಮಾತ್ರ.

ಮಧ್ಯ ಆಫ್ರಿಕಾದಲ್ಲಿ ಇಂಥ ಡೋಲಿಗೆ ಪಡೌಕ್ ಮರ ಹೆಸರುವಾಸಿ. ನಮ್ಮ ಹೊನ್ನೆಯೂ ಅದೇ ಕುಲದ್ದು. ಕೆಡವಿದ ಹಳೆ ಮನೆಯೊಂದರ ಕಂಬದ ತುಂಡು ಸಿಕ್ಕಿತು. ಒಣಗಿದ ಹೊನ್ನೆ ಅಂದ್ರೆ ಗೊತ್ತಲ್ವಾ, ಉಳಿ ಮಸೆಯುವುದೇ ಅರ್ಧ ಕೆಲಸ.

ಗೆರೆ ಹಾಕಿ, ಅದರ ಮೇಲೆ ಸಾಲಾಗಿ ಡ್ರಿಲ್ ಹೊಡೆದು, ಕಿರಿದಾದ ಉಳಿಯಿಂದ ಸೀಳು ಬಿಡಿಸಿದೆ. ಎರಡೂ ತುದಿಯಲ್ಲಿ ಮೂರು ಬೆರಳಷ್ಟು ಗಟ್ಟಿ ಮರ ಬಿಟ್ಟೆ, ಇಲ್ಲದಿದ್ದರೆ ಸೀಳು ತುದಿವರೆಗೂ ಬಿರಿಯುತ್ತದೆ. ಕಷ್ಟ ಇರುವುದು ಒಳಗೆ. ಬಾಯಿ ಹೆಬ್ಬೆರಳಗಲ, ಹೊಟ್ಟೆ ಅದಕ್ಕಿಂತ ಎಷ್ಟೋ ಅಗಲ ಆಗಬೇಕು. ಕಮ್ಮಾರರ ಹತ್ತಿರ ತುದಿ ಬಾಗಿಸಿದ ಉಳಿ ಮಾಡಿಸಿಕೊಂಡೆ. ಕಣ್ಣಿಗೆ ಏನೂ ಕಾಣಲ್ಲ. ಬೆರಳು ತೂರಿಸಿ ದಪ್ಪ ನೋಡುವುದು, ಕೆರೆಯುವುದು, ಬಗ್ಗಿಸಿ ಹೊಟ್ಟು ಉದುರಿಸುವುದು.

ನಾದ ಹೊಟ್ಟೆಯಿಂದ ಬರುತ್ತದೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಪೊಳ್ಳು ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಹುಟ್ಟುವುದು ಸೀಳಿನ ತುಟಿಯಲ್ಲಿ, ಅಂದ್ರೆ ಸೀಳಿನ ಎರಡು ಕಡೆಯ ಅಂಚಿನಲ್ಲಿ. ಡೋಲಿನ ತಲೆ ಹಿಡಿದು ಎತ್ತಿ, ಗೆಣ್ಣಿನಿಂದ ತುಟಿ ತಟ್ಟಿ ಕೇಳುತ್ತಿದ್ದೆ. ದಪ್ಪ ಇದ್ದಾಗ ಬರೀ ಟಕ್ ಟಕ್. ಅಂಗಡಿಯಲ್ಲಿ ಶೋಕಿಗೆ ಮಾರುವ ಡೋಲುಗಳದ್ದೂ ಇದೇ ಕಥೆ, ಕೆತ್ತನೆ ಜಾಸ್ತಿ, ದನಿ ಇಲ್ಲ. ಒಂದು ತುಟಿಯ ಅಡಿಭಾಗ ಕೆರೆಯುತ್ತಾ ಹೋದಂತೆ ದನಿ ಇಳಿಯಿತು. ಇನ್ನೊಂದನ್ನು ದಪ್ಪವಾಗಿಯೇ ಬಿಟ್ಟೆ. ಒಂದೇ ಮರದಲ್ಲಿ ಏರು ದನಿ, ಇಳಿ ದನಿ ಎರಡೂ ಬಂದವು.

ಈ ಎರಡು ದನಿಯ ಉಪಾಯ ನಾನು ತೆಗೆದುಕೊಂಡಿದ್ದು ಅದೇ ಕಾಂಗೋದ ಕಿಸಂಗಾನಿ ಪಟ್ಟಣದ ಹತ್ತಿರದ ಲೊಕೆಲೆ ಜನರ ದೊಡ್ಡ ಡೋಲಿನಿಂದ. ಅವರ ಭಾಷೆಯಲ್ಲಿ ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ಹಾಗಾಗಿ ಎರಡೇ ದನಿಯಲ್ಲಿ ಊರಿಂದೂರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಅವರ ಕೋಲಿನ ತುದಿಗೆ ಕಾಡಿನ ರಬ್ಬರ್ ಸುತ್ತಿರುತ್ತದೆ. ನಾನು ಸೈಕಲ್ ಟ್ಯೂಬ್ ಸುತ್ತಿದೆ. ಬರಿ ಕೋಲಿಗಿಂತ ದನಿ ದುಂಡಗೆ ಬರುತ್ತದೆ, ತುಟಿಯೂ ಜಜ್ಜಲ್ಲ.