ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಆಪರೇಷನ್ನಿನ ಒಪ್ಪಿಗೆ ಪತ್ರ ಅನೇಕ ಬಾರಿ ರೋಗಿಯ ಕೈಗೆ ಬರುವುದು ಆಸ್ಪತ್ರೆಗೆ ಸೇರಿ, ಬಟ್ಟೆ ಬದಲಿಸಿ, ಡ್ರಿಪ್ ಸೂಜಿ ಚುಚ್ಚಿಸಿಕೊಂಡ ಮೇಲೆ. ಇಂಗ್ಲಿಷಿನಲ್ಲಿರುವ ಆ ಹಾಳೆಗಳಲ್ಲಿ ಎಲ್ಲಿ ಸಹಿ ಹಾಕಬೇಕೆಂದು ನರ್ಸ್ ತೋರಿಸುತ್ತಾರೆ, ರೋಗಿಯೋ ಮಗನೋ ಹಾಕುತ್ತಾರೆ. ಆ ಹೊತ್ತಿನಲ್ಲಿ ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಆದ್ದರಿಂದ ದಿನ ನಿಗದಿಪಡಿಸಿ ಮಾಡಿಸುವ ಆಪರೇಷನ್ ಯಾವುದೇ ಇರಲಿ, ಅದರ ತೀರ್ಮಾನ ವೈದ್ಯರ ಎದುರು ಕುಳಿತು ಮಾತನಾಡುವಾಗಲೇ ಆಗಬೇಕು. ಅದಕ್ಕೆ ಸಿದ್ಧರಾಗುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಒಡೆದ ಅಪೆಂಡಿಕ್ಸ್, ಅಪಘಾತ, ಸಿಕ್ಕಿಹಾಕಿಕೊಂಡ ಹರ್ನಿಯಾದಂಥ ತುರ್ತುಗಳ ಮಾತು ಬೇರೆ. ಅಲ್ಲಿ ತಡಮಾಡುವುದೇ ದೊಡ್ಡ ಅಪಾಯ. ಗಾಯಾಳುವಿಗೆ ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಆಪರೇಷನ್ ಎಂದರೆ ಹೆದರಿ ಹಿಂಜರಿಯುವವರಿಗೂ ಒಂದು ಮಾತು ಹೇಳಬೇಕು. 1846ರಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ, ಗಾಯಕ್ಕೆ ಸೋಂಕು ತಗಲದಂತೆ 1867ರಲ್ಲಿ ಬ್ರಿಟಿಷ್ ಸರ್ಜನ್ ಲಿಸ್ಟರ್ ಪ್ರಕಟಿಸಿದ ಕಾರ್ಬಾಲಿಕ್ ಆಮ್ಲದ ಕ್ರಮ, ಇವೆರಡರಿಂದ ನೋವನ್ನೂ ಕೀವನ್ನೂ ಹತೋಟಿಗೆ ತಂದ ಶಸ್ತ್ರಚಿಕಿತ್ಸೆ ಇಂದು ಪೊರೆ ಬಂದ ಕಣ್ಣಿಗೆ ದೃಷ್ಟಿ ಕೊಟ್ಟು ರೋಗಿಯನ್ನು ಅದೇ ದಿನ ಮನೆಗೆ ಕಳಿಸುತ್ತದೆ, ಸವೆದ ಮಂಡಿಯವರನ್ನು ಮತ್ತೆ ಮೆಟ್ಟಿಲು ಹತ್ತಿಸುತ್ತದೆ. ಆರಂಭದಲ್ಲೇ ಗುರುತಿಸಿದ ಎಷ್ಟೋ ಕ್ಯಾನ್ಸರ್‌ಗಳನ್ನು ಪೂರ್ತಿ ಗುಣಪಡಿಸುವುದೂ ಆಪರೇಷನ್ನೇ. ಭಯದಿಂದ ಅದನ್ನು ಮುಂದೂಡಿ ಗುಣವಾಗುವ ಕಾಯಿಲೆಯನ್ನು ಕೈಮೀರಿಸಿಕೊಳ್ಳುವುದು, ಬೇಡದ ಆಪರೇಷನ್ ಮಾಡಿಸಿಕೊಳ್ಳುವಷ್ಟೇ ದುಃಖಕರ.

ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಆಪರೇಷನ್ ಮಾಡಿಸದೆ ಇದ್ದರೆ ನನಗೆ ಏನಾಗುತ್ತದೆ, ಎಷ್ಟು ಕಾಲದಲ್ಲಿ ಆಗುತ್ತದೆ? ಉಳಿದೆಲ್ಲ ಪ್ರಶ್ನೆಗಳಿಗಿಂತ ಇದರ ಉತ್ತರಕ್ಕೆ ಬೆಲೆ ಹೆಚ್ಚು. ಮಾಸ್ಟರ್ ಚೆಕಪ್‌ನ ಸ್ಕ್ಯಾನಿಂಗ್‌ನಲ್ಲಿ ಆಕಸ್ಮಿಕವಾಗಿ ಕಂಡ ಪಿತ್ತಕೋಶದ ಕಲ್ಲು ನೋವನ್ನೇ ಕೊಡದಿದ್ದರೆ ಸಾಮಾನ್ಯವಾಗಿ ಅದನ್ನು ಹಾಗೆಯೇ ಬಿಡಬಹುದು. ಪದೇ ಪದೇ ನೋವು, ಜ್ವರ, ಕಾಮಾಲೆ ಕಾಣಿಸಿಕೊಂಡರೆ ಲೆಕ್ಕಾಚಾರವೇ ಬದಲಾಗುತ್ತದೆ. ಡಿಸ್ಕ್ ಜಾರಿ ಕಾಲಿನವರೆಗೆ ಎಳೆಯುವ ನೋವು ಹೆಚ್ಚಿನವರಲ್ಲಿ ಔಷಧಿ ಮತ್ತು ವ್ಯಾಯಾಮದಿಂದ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ ಅಥವಾ ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಹೀಗೆ ಒಂದೇ ಹೆಸರಿನ ಕಾಯಿಲೆಗೆ ಒಬ್ಬರಿಗೆ ಆಪರೇಷನ್ ಬೇಕು, ಇನ್ನೊಬ್ಬರಿಗೆ ಬೇಡ. ಪಕ್ಕದ ಮನೆಯವರ ಅನುಭವದ ಮೇಲೆ ತೀರ್ಮಾನ ಮಾಡಲಾಗದು.

ಗರ್ಭಕೋಶ ತೆಗೆಸುವ ಸಲಹೆಯ ಬಗ್ಗೆ ವಿಶೇಷ ಎಚ್ಚರ ಬೇಕೆಂದು ನನ್ನ ಬಲವಾದ ಅಭಿಪ್ರಾಯ. ಮಕ್ಕಳಾದ ಮೇಲೆ ಅದು ಇದ್ದು ಏನು ಪ್ರಯೋಜನ, ಬಿಟ್ಟರೆ ಕ್ಯಾನ್ಸರ್ ಆದೀತು ಎಂಬ ಮಾತು ಮಹಿಳೆಯರ ಕಿವಿಗೆ ಬೀಳುತ್ತಲೇ ಇರುತ್ತದೆ. ಅತಿ ರಕ್ತಸ್ರಾವಕ್ಕೆ ಎಷ್ಟೋ ಬಾರಿ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ. ಮುಟ್ಟು ನಿಲ್ಲುವ ವಯಸ್ಸಿಗೆ ಮುಂಚೆ ಅಂಡಾಶಯಗಳನ್ನೂ ತೆಗೆದರೆ ಮೂಳೆ ಸವೆತ ಮತ್ತು ಹೃದಯರೋಗದ ಅಪಾಯ ಹೆಚ್ಚುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಗಿ ಬಂತು. ಸಿಸೇರಿಯನ್ ವಿಷಯದಲ್ಲೂ ಯೋಚಿಸಬೇಕಾದದ್ದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4ರಷ್ಟು, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3ರಷ್ಟು ಸಿಸೇರಿಯನ್ ಆಗಿವೆ. ಇಷ್ಟು ದೊಡ್ಡ ಅಂತರವನ್ನು ತಾಯಂದಿರ ದೇಹಸ್ಥಿತಿಯೊಂದರಿಂದಲೇ ವಿವರಿಸುವುದು ಕಷ್ಟ.

ಅಪಾಯದ ಬಗ್ಗೆ ಕೇಳುವಾಗ ಎಲ್ಲರಿಗೂ ಅನ್ವಯಿಸುವ ಉತ್ತರಕ್ಕೆ ತೃಪ್ತರಾಗದೆ, ನನ್ನ ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ ನೋಡಿದರೆ ನನಗೆ ಅಪಾಯ ಎಷ್ಟು ಎಂದು ಕೇಳಿರಿ. ಈ ಆಪರೇಷನ್ನನ್ನು ನೀವು ವರ್ಷಕ್ಕೆ ಸುಮಾರು ಎಷ್ಟು ಮಾಡುತ್ತೀರಿ, ನನಗೆ ಮಾಡುವವರು ನೀವೇನಾ ಎಂದು ವಿಚಾರಿಸುವುದು ಅವಮಾನವಲ್ಲ. ಅನುಭವಿ ಸರ್ಜನ್‌ಗಳು ಇದಕ್ಕೆ ನೇರವಾಗಿಯೇ ಉತ್ತರಿಸುತ್ತಾರೆ. ರೋಬೋಟಿಕ್ ಆಪರೇಷನ್ ಎಂದಾಗಲೂ ಯಂತ್ರವನ್ನು ನಡೆಸುವುದು ಸರ್ಜನ್ನರ ಕೈಯೇ. ಆದ್ದರಿಂದ ಹೆಚ್ಚುವರಿ ಖರ್ಚಿಗೆ ತಕ್ಕಂತೆ ನನ್ನ ಕಾಯಿಲೆಯಲ್ಲಿ ಹೆಚ್ಚು ಸಿಗುವುದೇನು ಎಂದು ಕೇಳಬೇಕು. ಅರಿವಳಿಕೆ ತಜ್ಞರನ್ನು ಕಂಡಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಮುಂದಿಡಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ, ಯಾವುದನ್ನೂ ನೀವಾಗಿಯೇ ನಿಲ್ಲಿಸಲೂಬೇಡಿ. ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಚೆನ್ನಾಗಿ ಮಾಯುತ್ತದೆ.

ಇನ್ನು ಒಪ್ಪಿಗೆಯ ಮಾತು. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಲ್ಯಾಪರೋಸ್ಕೋಪಿಗೆ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ) ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯನ್ನು ಕೇಳಿ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಾಗ ವಯಸ್ಕ ರೋಗಿಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಸಲ್ಲದು, ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳು, ಮಾಡಿಸದಿದ್ದರೆ ಆಗುವುದು ಇವನ್ನೆಲ್ಲ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ನ್ಯಾಯಾಲಯ ಹೇಳಿತು. ನಮ್ಮ ಮನೆಗಳಲ್ಲಿ ಅಜ್ಜಿಗೆ ಹೇಳುವುದು ಬೇಡ, ಗಾಬರಿಯಾಗುತ್ತಾರೆ ಎಂದು ವೈದ್ಯರನ್ನು ಪಕ್ಕಕ್ಕೆ ಕರೆಯುವುದು ಪ್ರೀತಿಯಿಂದಲೇ. ಆದರೂ ಕತ್ತರಿ ಬೀಳುವುದು ಅಜ್ಜಿಯ ದೇಹದ ಮೇಲೆ. ಅವರು ಕೇಳಬಯಸಿದರೆ ತಿಳಿಸದಿರಲು ಯಾರಿಗೂ ಹಕ್ಕಿಲ್ಲ. ಪತ್ರದ ಪ್ರತಿಯನ್ನು ಹಿಂದಿನ ದಿನವೇ ಕೇಳಿ ಪಡೆದು, ಕನ್ನಡದಲ್ಲಿ ವಿವರಿಸಲು ಹೇಳಿ, ನಂತರ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ವೈದ್ಯರಿಗೆ ತಿರುಗಿ ಹೇಳಿರಿ. ಖಾಲಿ ಜಾಗ ಬಿಟ್ಟ ಪತ್ರಕ್ಕೆ ಸಹಿ ಹಾಕಬೇಡಿ. ತೆಗೆಯಬಾರದ ಅಂಗ ಯಾವುದಾದರೂ ಇದ್ದರೆ ಅದನ್ನು ಬರೆಸಿರಿ.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನಷ್ಟು ಅನುಕೂಲವಿರುವ ಊರು ಕಡಿಮೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮಿದುಳು ಮತ್ತು ನರಕ್ಕೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೊ ಇವೆ. ಸರತಿ ಉದ್ದವಿರಬಹುದು, ಬೆಳಿಗ್ಗೆ ಬೇಗ ಹೋಗಬೇಕಾಗಬಹುದು, ಆದರೆ ತುರ್ತಲ್ಲದ ಆಪರೇಷನ್ನಿಗೆ ಒಂದೆರಡು ದಿನ ಕಾಯುವುದರಿಂದ ನಷ್ಟವಿಲ್ಲ. ಸ್ಕ್ಯಾನ್ ಫಿಲ್ಮ್‌ಗಳನ್ನೂ ವರದಿಗಳನ್ನೂ ಜೊತೆಗೆ ಒಯ್ಯಿರಿ. ಖಾಸಗಿ ಆಸ್ಪತ್ರೆಯಾದರೆ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುವುದರಿಂದ ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು.

ಆಪರೇಷನ್ ದಿನ ಹೊಟ್ಟೆ ಖಾಲಿ ಇರಬೇಕೆಂಬುದು ಔಪಚಾರಿಕ ನಿಯಮವಲ್ಲ; ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಸಾಮಾನ್ಯವಾಗಿ ಊಟಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಸಾಕು, ಆದರೂ ನಿಮಗೆ ಹೇಳಿದ ಸಮಯವನ್ನೇ ಪಾಲಿಸಿರಿ. ಥಿಯೇಟರಿನಲ್ಲಿ ನಿಮ್ಮ ಹೆಸರು, ಯಾವ ಬದಿಯ ಕಾಲು ಎಂದು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ 19 ಅಂಶಗಳ ಸುರಕ್ಷತಾ ಪಟ್ಟಿಯ ಭಾಗವದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಜಾರಿಗೆ ತಂದ ಮೇಲೆ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಈ ಪಟ್ಟಿಯನ್ನು ನಿಮ್ಮಲ್ಲಿ ಬಳಸುತ್ತೀರಾ ಎಂದು ಮೊದಲೇ ಕೇಳುವುದು ಒಳ್ಳೆಯದು.

ಮನೆಗೆ ಮರಳಿದ ಮೇಲೆ ಜ್ವರ, ಗಾಯದಲ್ಲಿ ಕೀವು, ಒಂದೇ ಕಾಲಿನ ಊತ, ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬಾರದು. ಡಿಸ್ಚಾರ್ಜ್ ಸಮರಿಯ ಜೊತೆಗೆ ಆಪರೇಷನ್ ಟಿಪ್ಪಣಿಯ ಪ್ರತಿ, ಕೃತಕ ಕೀಲು ಅಥವಾ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್ ಇವನ್ನೂ ಪಡೆದು ಜೋಪಾನ ಮಾಡಿರಿ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳಂತೆ, ಬರಹದಲ್ಲಿ ಕೋರಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ತೊಡಕಾದಾಗ ಮೊದಲು ಅದೇ ಸರ್ಜನ್ನರ ಬಳಿ ಕುಳಿತು ಏನಾಯಿತೆಂದು ಕೇಳಿರಿ, ಏಕೆಂದರೆ ಎಲ್ಲ ಎಚ್ಚರದ ನಡುವೆಯೂ ತೊಡಕುಗಳಾಗುತ್ತವೆ, ಪ್ರತಿ ತೊಡಕೂ ನಿರ್ಲಕ್ಷ್ಯವಲ್ಲ. ನಿರ್ಲಕ್ಷ್ಯವೇ ಎಂಬ ಸಕಾರಣ ಅನುಮಾನ ಉಳಿದರೆ ದಾಖಲೆಗಳೊಂದಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರಿಹಾರ ಕೋರಿ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು.